ಹಾಲುಹಲ್ಲು ಹೇಗೂ ಬೀಳುತ್ತೆ ಅಂತ ಬಿಡಬೇಡಿ: ಮಕ್ಕಳ ಹಲ್ಲಿನ ಆರೈಕೆ, ಹಂತ ಹಂತವಾಗಿ

"ಹೇಗೂ ಬಿದ್ದುಹೋಗುವ ಹಲ್ಲು, ಅದಕ್ಕೆ ಇಷ್ಟೆಲ್ಲ ಯಾಕೆ?" ಮಕ್ಕಳ ಹಲ್ಲಿನ ಮಾತು ಬಂದಾಗಲೆಲ್ಲ ಓದುಗರು ಕೇಳುವ ಮೊದಲ ಪ್ರಶ್ನೆ ಇದು. ಎರಡನೆಯದು, "ಪೇಸ್ಟ್ ಯಾವ ವಯಸ್ಸಿಗೆ ಶುರು ಮಾಡಬೇಕು?" ಮೂರನೆಯದು, "ಮಗು ಬಾಯಿ ತೆರೆಯೋದೇ ಇಲ್ಲ, ಏನು ಮಾಡಲಿ?" ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಉತ್ತರ ಹೇಳುವ ಬದಲು ಎಲ್ಲವನ್ನೂ ಇಲ್ಲಿ ಒಂದೇ ಕಡೆ ಬರೆದಿದ್ದೇನೆ.

ಮೊದಲ ಪ್ರಶ್ನೆಯ ಉತ್ತರ ಈಗಲೇ ಹೇಳಿಬಿಡುತ್ತೇನೆ, ಯಾಕಂದ್ರೆ ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. ಹಾಲುಹಲ್ಲು ಬೀಳುತ್ತದೆ, ನಿಜ. ಆದರೆ ಎಲ್ಲವೂ ಒಟ್ಟಿಗೆ ಬೀಳುವುದಿಲ್ಲ. ಮುಂದಿನ ಹಲ್ಲುಗಳು 6-7 ವರ್ಷಕ್ಕೆ ಹೋಗುತ್ತವೆ. ಹಿಂದಿನ ದವಡೆ ಹಲ್ಲುಗಳು 10ರಿಂದ 12 ವರ್ಷದವರೆಗೂ ಬಾಯಲ್ಲಿ ಇರಬೇಕು. ಮೂರು ವರ್ಷದ ಮಗುವಿನ ದವಡೆ ಹಲ್ಲು ಹುಳುಕಾದರೆ, ಇನ್ನೂ ಏಳೆಂಟು ವರ್ಷ ಅದೇ ಹಲ್ಲಲ್ಲಿ ಅಗಿಯಬೇಕು. ಅದು ಬೇಗ ಉದುರಿದರೂ ತೊಂದರೆಯೇ. ಹಾಲುಹಲ್ಲು ತನ್ನ ಕೆಳಗೆ ಬೆಳೆಯುತ್ತಿರುವ ಶಾಶ್ವತ ಹಲ್ಲಿಗೆ ಜಾಗ ಕಾದಿಡುತ್ತದೆ. ಆ ಜಾಗ ಖಾಲಿಯಾದರೆ ಅಕ್ಕಪಕ್ಕದ ಹಲ್ಲುಗಳು ವಾಲಿಕೊಂಡು ಬಂದು ಅದನ್ನು ತುಂಬುತ್ತವೆ. ಹೊಸ ಹಲ್ಲು ಸೊಟ್ಟಗೆ ಬರುತ್ತದೆ, ಇಲ್ಲವೇ ಒಳಗೇ ಸಿಕ್ಕಿಕೊಳ್ಳುತ್ತದೆ. ಹುಳುಕಿನ ಸೋಂಕು ಬೇರಿನ ತುದಿಗೆ ಇಳಿದರೆ ಕೆಳಗಿನ ಎಳೆ ಹಲ್ಲಿಗೂ ಏಟು. ಇದೆಲ್ಲಕ್ಕಿಂತ ಹೆಚ್ಚಾಗಿ, ಹಲ್ಲುನೋವಿರುವ ಮಗು ಸರಿಯಾಗಿ ಉಣ್ಣುವುದಿಲ್ಲ, ನಿದ್ದೆ ಮಾಡುವುದಿಲ್ಲ. ಅದನ್ನು ಬಾಯಿಬಿಟ್ಟು ಹೇಳುವುದೂ ಪುಟ್ಟ ಮಕ್ಕಳಿಗೆ ಗೊತ್ತಾಗುವುದಿಲ್ಲ.

ಹುಳುಕು ಅಂದರೇನು?

ನಾವು ಹುಳುಕು ಅನ್ನುತ್ತೇವೆ, ಹಲ್ಲಿಗೆ ಹುಳ ಹಿಡಿದಿದೆ ಅನ್ನುತ್ತೇವೆ. ಆದರೆ ಅಲ್ಲಿ ಯಾವ ಹುಳವೂ ಇಲ್ಲ. ಬಾಯಲ್ಲಿರುವ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳು ನಾವು ತಿಂದ ಸಕ್ಕರೆಯನ್ನು ತಿಂದು ಆಸಿಡ್, ಅಂದರೆ ಆಮ್ಲ, ಬಿಡುತ್ತವೆ. ಆ ಆಮ್ಲ ಹಲ್ಲಿನ ಹೊರಗಿನ ಗಟ್ಟಿ ಕವಚದಿಂದ ಕ್ಯಾಲ್ಸಿಯಂ ಮುಂತಾದ ಖನಿಜಗಳನ್ನು ಕರಗಿಸುತ್ತದೆ. ಈ ಕವಚಕ್ಕೆ ಎನಾಮೆಲ್ ಅಂತ ಹೆಸರು. ಮುಂದಿನ ಅರ್ಧ ಗಂಟೆ, ಮುಕ್ಕಾಲು ಗಂಟೆಯಲ್ಲಿ ಎಂಜಲು ಆ ಆಮ್ಲವನ್ನು ತಣಿಸಿ, ಕರಗಿದ ಖನಿಜವನ್ನು ಸ್ವಲ್ಪ ಸ್ವಲ್ಪವಾಗಿ ವಾಪಸ್ ತುಂಬುತ್ತದೆ. ದಿನವಿಡೀ ಈ ಕರಗುವುದು, ತುಂಬುವುದು ನಡೆದೇ ಇರುತ್ತದೆ. ಕರಗುವುದು ಜಾಸ್ತಿಯಾದಾಗ ಹಲ್ಲಿಗೆ ತೂತು ಬೀಳುತ್ತದೆ. ಹಾಲುಹಲ್ಲಿನ ಎನಾಮೆಲ್ ಶಾಶ್ವತ ಹಲ್ಲಿನದ್ದಕ್ಕಿಂತ ತೆಳು. ಅದಕ್ಕೇ ಮಕ್ಕಳಲ್ಲಿ ಹುಳುಕು ಬೇಗ ಒಳಗಿನ ನರದವರೆಗೆ ತಲುಪುತ್ತದೆ.

ಏನೇನು ಬೇಕು?

ದೊಡ್ಡ ಪಟ್ಟಿ ಏನಿಲ್ಲ. ಚಿಕ್ಕ ತಲೆಯ, ಮೆತ್ತನೆ ಎಳೆಗಳ ಬ್ರಷ್. ಫ್ಲೋರೈಡ್ ಇರುವ ಪೇಸ್ಟ್. ಒಂದು ಚಿಕ್ಕ ಟಾರ್ಚ್, ಫೋನಿನದ್ದೂ ನಡೆಯುತ್ತದೆ. ಒಂದು ತುಂಡು ಶುಭ್ರವಾದ ಹತ್ತಿ ಬಟ್ಟೆ. ಬ್ರಷ್ಷನ್ನು ಮೂರು ತಿಂಗಳಿಗೊಮ್ಮೆ ಬದಲಿಸಿ. ಮಗು ಅಗಿದು ಎಳೆಗಳು ಕೆದರಿದ್ದರೆ ಅದಕ್ಕೂ ಮೊದಲೇ ಬದಲಿಸಿ.

ಪೇಸ್ಟ್ ಕೊಳ್ಳುವಾಗ ಮುಂದಿನ ಚಿತ್ರ ನೋಡಬೇಡಿ, ಹಿಂದಿನ ಸಣ್ಣ ಅಕ್ಷರ ಓದಿ. ಫ್ಲೋರೈಡ್ ಎಷ್ಟು ಪಿಪಿಎಂ ಅಂತ ಅಲ್ಲಿ ಇರುತ್ತದೆ. 1000 ಪಿಪಿಎಂ ಅಂದರೆ ಒಂದು ಕಿಲೋ ಪೇಸ್ಟ್‌ನಲ್ಲಿ 1000 ಮಿಲಿಗ್ರಾಂ ಫ್ಲೋರೈಡ್. ಹುಳುಕು ತಡೆಯಲು ಕನಿಷ್ಠ ಇಷ್ಟಾದರೂ ಬೇಕು. ಮಕ್ಕಳ ಪೇಸ್ಟ್ ಅಂತ ಮಾರುವ ಎಷ್ಟೋ ಟ್ಯೂಬ್‌ಗಳಲ್ಲಿ ಇದಕ್ಕಿಂತ ಕಡಿಮೆ ಇರುತ್ತದೆ, ಕೆಲವದರಲ್ಲಿ ಇರುವುದೇ ಇಲ್ಲ. ಅಂಥ ಪೇಸ್ಟ್‌ನಿಂದ ಬಾಯಿಗೆ ರುಚಿ ಬರುತ್ತದೆ, ಹಲ್ಲಿಗೆ ರಕ್ಷಣೆ ಸಿಗುವುದಿಲ್ಲ.

ಹಂತ 1: ಹಲ್ಲು ಮೂಡುವ ಮೊದಲು

ಈ ಹಂತದಲ್ಲಿ ಹೆಚ್ಚು ಕೆಲಸವಿಲ್ಲ. ದಿನಕ್ಕೊಮ್ಮೆ ಒದ್ದೆ ಬಟ್ಟೆಯನ್ನು ಬೆರಳಿಗೆ ಸುತ್ತಿಕೊಂಡು ವಸಡನ್ನು ಮೆಲ್ಲಗೆ ಒರೆಸಿ. ಬಾಯೊಳಗೆ ನಿಮ್ಮ ಬೆರಳು ಬರುವುದು ಮಗುವಿಗೆ ಅಭ್ಯಾಸವಾದರೆ ಮುಂದೆ ಬ್ರಷ್ ಹಿಡಿದಾಗ ರಂಪ ಕಡಿಮೆ.

ಹಲ್ಲು ಮೂಡುವಾಗ ಜೊಲ್ಲು ಸುರಿಯುತ್ತದೆ, ಸಿಕ್ಕಿದ್ದನ್ನೆಲ್ಲ ಕಚ್ಚುತ್ತದೆ, ಸ್ವಲ್ಪ ಕಿರಿಕಿರಿ ಮಾಡುತ್ತದೆ. ಒದ್ದೆ ಬಟ್ಟೆಯನ್ನು ಫ್ರಿಜ್‌ನಲ್ಲಿಟ್ಟು ತಂಪು ಮಾಡಿ ಕಚ್ಚಲು ಕೊಡಿ. ಆದರೆ ಜೋರು ಜ್ವರ, ಭೇದಿ ಬಂದರೆ "ಹಲ್ಲು ಬರ್ತಾ ಇದೆ, ಅದಕ್ಕೆ" ಅಂತ ಸುಮ್ನೆ ಕೂರಬೇಡಿ. ಹಲ್ಲು ಮೂಡುವುದರಿಂದ ಜೋರು ಜ್ವರ ಬರುವುದಿಲ್ಲ. ಕಾರಣ ಬೇರೆಯೇ ಇರುತ್ತದೆ, ಮಕ್ಕಳ ಡಾಕ್ಟರಿಗೆ ತೋರಿಸಿ. ವಸಡಿಗೆ ಹಚ್ಚುವ ಮರಗಟ್ಟಿಸುವ ಜೆಲ್‌ಗಳನ್ನೂ ಡಾಕ್ಟರ್ ಹೇಳದೆ ಹಚ್ಚಬೇಡಿ. ಬೆಂಜೊಕೇನ್ ಇರುವ ಜೆಲ್ ಎರಡು ವರ್ಷದೊಳಗಿನ ಮಕ್ಕಳಿಗೆ ಅಪಾಯಕಾರಿ.

ಹಂತ 2: ಮೊದಲ ಹಲ್ಲು ಕಂಡ ದಿನದಿಂದ

ಸಾಮಾನ್ಯವಾಗಿ 6 ತಿಂಗಳ ಆಸುಪಾಸಿನಲ್ಲಿ ಕೆಳಗಿನ ಎರಡು ಮುಂದಿನ ಹಲ್ಲು ಕಾಣುತ್ತವೆ. ಕೆಲವು ಮಕ್ಕಳಿಗೆ 4 ತಿಂಗಳಿಗೇ ಬರುತ್ತದೆ, ಕೆಲವರಿಗೆ ಒಂದು ವರ್ಷವಾಗುತ್ತದೆ. ಎರಡಕ್ಕೂ ಗಾಬರಿ ಬೇಡ. 18 ತಿಂಗಳಾದರೂ ಒಂದೂ ಬಾರದಿದ್ದರೆ ತೋರಿಸಿ. ಎರಡೂವರೆಯಿಂದ ಮೂರು ವರ್ಷದ ಹೊತ್ತಿಗೆ ಇಪ್ಪತ್ತೂ ಹಾಲುಹಲ್ಲು ಬಂದಿರುತ್ತವೆ.

ಪೇಸ್ಟ್ ಯಾವಾಗ ಶುರು? ಮೊದಲ ಹಲ್ಲು ಬಂದಾಗಲೇ. ಮೂರು ವರ್ಷದವರೆಗೆ ಒಂದು ಅಕ್ಕಿ ಕಾಳಿನಷ್ಟು, ಅಂದರೆ ಎಳೆಗಳ ಮೇಲೆ ಸುಮ್ನೆ ಸವರಿದಷ್ಟು. ಮೂರರಿಂದ ಆರು ವರ್ಷದವರೆಗೆ ಒಂದು ಬಟಾಣಿ ಕಾಳಿನಷ್ಟು. ಬ್ರಷ್ಷಿನ ಉದ್ದಕ್ಕೂ ಅಲೆಅಲೆಯಾಗಿ ಹಚ್ಚುವುದು ಜಾಹೀರಾತಿನಲ್ಲಿ ಮಾತ್ರ ಚೆಂದ.

"ಮಗು ಪೇಸ್ಟ್ ನುಂಗುತ್ತೆ, ಅಪಾಯ ಅಲ್ವಾ?" ಅಂತ ಕೇಳುವವರಿದ್ದೀರಿ. ಅಕ್ಕಿ ಕಾಳಿನಷ್ಟು ನುಂಗಿದರೆ ಏನೂ ಆಗುವುದಿಲ್ಲ. ಅಳತೆ ಅಷ್ಟು ಕಡಿಮೆ ಇಟ್ಟಿರುವುದೇ ಅದಕ್ಕೆ. ದಿನವೂ ಜಾಸ್ತಿ ನುಂಗಿದರೆ ಮಾತ್ರ, ಒಳಗೆ ಬೆಳೆಯುತ್ತಿರುವ ಹಲ್ಲುಗಳ ಮೇಲೆ ಬಿಳಿ, ಕೆಲವೊಮ್ಮೆ ಕಂದು ಮಚ್ಚೆ ಮೂಡಬಹುದು. ಇದಕ್ಕೆ ಫ್ಲೋರೋಸಿಸ್ ಅನ್ನುತ್ತಾರೆ. ಹಾಗಾಗಿ ಪೇಸ್ಟ್ ಹಚ್ಚುವುದು ಯಾವಾಗಲೂ ದೊಡ್ಡವರ ಕೈ. ಟ್ಯೂಬ್ ಮಗುವಿಗೆ ಎಟುಕದ ಕಡೆ ಇರಲಿ. ಕುಡಿಯುವ ನೀರಿನಲ್ಲೇ ಫ್ಲೋರೈಡ್ ಜಾಸ್ತಿ ಇರುವ ಪ್ರದೇಶದಲ್ಲಿ ನೀವಿದ್ದರೆ, ಯಾವ ಪೇಸ್ಟ್, ಎಷ್ಟು ಅಂತ ದಂತವೈದ್ಯರನ್ನು ಕೇಳಿಯೇ ತೀರ್ಮಾನಿಸಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಒಂದು ಲೀಟರ್ ನೀರಿಗೆ 1.5 ಮಿಲಿಗ್ರಾಂ.

ಹಂತ 3: ಉಜ್ಜುವುದು, ನಿಮ್ಮ ಕೈಯಿಂದ

ಈ ಲೇಖನದಲ್ಲಿ ಒಂದೇ ಒಂದು ಹಂತ ಓದುತ್ತೀರಿ ಅಂದರೆ ಇದನ್ನು ಓದಿ. ಏಳೆಂಟು ವರ್ಷದವರೆಗೆ ಮಕ್ಕಳ ಹಲ್ಲನ್ನು ದೊಡ್ಡವರು ಉಜ್ಜಬೇಕು. "ನಮ್ಮ ಮಗು ತಾನೇ ಉಜ್ಜಿಕೊಳ್ಳುತ್ತೆ" ಅಂತ ಹೆಮ್ಮೆಪಡುವ ವಿಷಯ ಇದಲ್ಲ. ಶೂ ಲೇಸ್ ಸರಿಯಾಗಿ ಕಟ್ಟಲು ಬಾರದ ಕೈಗೆ ಹಿಂದಿನ ದವಡೆ ಹಲ್ಲಿನ ಸಂದಿ ಸಿಗುವುದಿಲ್ಲ. ಮಗುವಿಗೆ ತಾನೇ ಮಾಡುವ ಆಸೆ ಇದ್ದರೆ ಮೊದಲು ಅದೇ ಉಜ್ಜಲಿ, ಆಮೇಲೆ ನೀವು ಉಜ್ಜಿ.

ದಿನಕ್ಕೆ ಎರಡು ಸಲ, ಎರಡೆರಡು ನಿಮಿಷ. ಬೆಳಗ್ಗೆ ಅವಸರದಲ್ಲಿ ಹೆಚ್ಚುಕಡಿಮೆ ಆದರೂ ರಾತ್ರಿಯದು ತಪ್ಪಬಾರದು. ನಿದ್ದೆಯಲ್ಲಿ ಎಂಜಲು ಬಹಳ ಕಡಿಮೆ ಬರುತ್ತದೆ. ಆಮ್ಲವನ್ನು ತಣಿಸುವವರು ಯಾರೂ ಇಲ್ಲದ ಹೊತ್ತು ಅದು.

ಹೇಗೆ ಕೂರಿಸುವುದು? ಪುಟ್ಟ ಮಕ್ಕಳಾದರೆ ನೀವು ಹಾಸಿಗೆಯ ಮೇಲೆ ಕುಳಿತು, ಮಗುವಿನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಮಲಗಿಸಿ. ಬಾತ್‌ರೂಮೇ ಆಗಬೇಕು ಅಂತೇನಿಲ್ಲ. ಈ ಭಂಗಿಯಲ್ಲಿ ಮೇಲಿನ ಹಲ್ಲುಗಳೂ ನಿಮಗೆ ಪೂರ್ತಿ ಕಾಣುತ್ತವೆ. ಸ್ವಲ್ಪ ದೊಡ್ಡ ಮಕ್ಕಳಾದರೆ ಕನ್ನಡಿಯ ಮುಂದೆ ನಿಲ್ಲಿಸಿ, ನೀವು ಹಿಂದೆ ನಿಂತು, ಮಗುವಿನ ತಲೆಯನ್ನು ನಿಮ್ಮ ಹೊಟ್ಟೆಗೆ ಒರಗಿಸಿಕೊಳ್ಳಿ.

ಎಡಗೈ ತೋರುಬೆರಳಿನಿಂದ ತುಟಿ ಅಥವಾ ಕೆನ್ನೆಯನ್ನು ಪಕ್ಕಕ್ಕೆ ಸರಿಸಿ. ಬ್ರಷ್ಷಿನ ಎಳೆಗಳು ಅರ್ಧ ಹಲ್ಲಿನ ಮೇಲೆ, ಅರ್ಧ ವಸಡಿನ ಮೇಲೆ ಓರೆಯಾಗಿ ಕೂರಬೇಕು. ಕೊಳೆ ಗಟ್ಟಿಯಾಗುವುದು ವಸಡಿನ ಗೆರೆಯಲ್ಲೇ. ಅಲ್ಲಿ ಚಿಕ್ಕ ಚಿಕ್ಕ ಸುತ್ತು ಹಾಕಿ. ಉದ್ದಕ್ಕೆ ಗರಗಸದ ಹಾಗೆ ಎಳೆಯಬೇಡಿ. ಹೊರಬದಿ, ಒಳಬದಿ, ಅಗಿಯುವ ಮೇಲ್ಮೈ, ಈ ಮೂರೂ ಆಗಬೇಕು.

ಒಂದು ಸಣ್ಣ ಉಪಾಯ ಹೇಳುತ್ತೇನೆ. ಮೇಲಿನ ಹಿಂದಿನ ಹಲ್ಲುಗಳ ಕೆನ್ನೆ ಬದಿ ಉಜ್ಜುವಾಗ ಎಲ್ಲರೂ "ಆ… ಅನ್ನು, ದೊಡ್ಡದಾಗಿ" ಅನ್ನುತ್ತಾರೆ. ಬಾಯಿ ಪೂರ್ತಿ ತೆರೆದರೆ ಕೆನ್ನೆ ಬಿಗಿಯಾಗಿ ಬ್ರಷ್ಷಿಗೆ ಜಾಗವೇ ಇರುವುದಿಲ್ಲ. ಅರ್ಧ ಮುಚ್ಚಲು ಹೇಳಿ. ಕೆನ್ನೆ ಸಡಿಲವಾಗುತ್ತದೆ, ಬ್ರಷ್ ಸಲೀಸಾಗಿ ಕೊನೆಯ ಹಲ್ಲಿನವರೆಗೆ ಹೋಗುತ್ತದೆ.

ಎರಡು ಹಲ್ಲುಗಳು ಒಂದಕ್ಕೊಂದು ತಾಗಿಕೊಂಡಿದ್ದರೆ ಆ ಸಂದಿಗೆ ಬ್ರಷ್ ಹೋಗುವುದಿಲ್ಲ. ಅಲ್ಲಿಗೆ ಫ್ಲಾಸ್ ಬೇಕು. ಫ್ಲಾಸ್ ಅಂದರೆ ಹಲ್ಲಿನ ಸಂದಿ ಸ್ವಚ್ಛ ಮಾಡುವ ನಯವಾದ ದಾರ. ಹಿಡಿ ಇರುವ ಫ್ಲಾಸ್ ಮಕ್ಕಳಿಗೆ ಸುಲಭ. ಹಿಂದಿನ ಎರಡು ಹಾಲು ದವಡೆ ಹಲ್ಲುಗಳ ನಡುವೆ ಹುಳುಕು ಹೊರಗೆ ಕಾಣದೆ ಬೆಳೆಯುವುದು ಬಹಳ ಸಾಮಾನ್ಯ.

ಇಲ್ಲಿ ಆಗುವ ತಪ್ಪುಗಳು ಮೂರು. ಮೊದಲನೆಯದು, ಉಜ್ಜಿದ ಮೇಲೆ ನೀರು ಹಾಕಿ ಗಳಗಳ ಮುಕ್ಕಳಿಸುವುದು. ಹಾಗೆ ಮಾಡಿದರೆ ಫ್ಲೋರೈಡ್ ಎಲ್ಲ ತೊಳೆದುಹೋಗುತ್ತದೆ. ನೊರೆ ಉಗಿಸಿ, ಅಷ್ಟು ಸಾಕು. ಎರಡನೆಯದು, ವಸಡಿನಲ್ಲಿ ರಕ್ತ ಕಂಡರೆ ಉಜ್ಜುವುದನ್ನೇ ಬಿಡುವುದು. ಕೊಳೆ ಕೂತು ವಸಡು ಊದಿಕೊಂಡಾಗಲೇ ರಕ್ತ ಬರುವುದು. ಮೆತ್ತಗೆ ದಿನವೂ ಉಜ್ಜಿದರೆ ಒಂದೆರಡು ವಾರದಲ್ಲಿ ನಿಲ್ಲುತ್ತದೆ. ನಿಲ್ಲದಿದ್ದರೆ ತೋರಿಸಿ. ಮೂರನೆಯದು, ವಾಂತಿಯಾದ ತಕ್ಷಣ ಉಜ್ಜಿಸುವುದು. ಆಗ ಹಲ್ಲಿನ ಮೇಲೆ ಆಮ್ಲ ಇರುತ್ತದೆ, ಎನಾಮೆಲ್ ಮೆತ್ತಗಾಗಿರುತ್ತದೆ. ಬರೀ ನೀರಲ್ಲಿ ಬಾಯಿ ಮುಕ್ಕಳಿಸಿ, ಅರ್ಧ ಗಂಟೆ ಬಿಟ್ಟು ಉಜ್ಜಿಸಿ.

ಬಾಯಿ ತೆರೆಯದ ಮಗುವಿಗೆ ಏನು ಮಾಡುವುದು? ಹೊತ್ತು ಬದಲಿಸಿ ನೋಡಿ. ನಿದ್ದೆ ತೂಗುವ ಹೊತ್ತಿನಲ್ಲಿ ಯಾವ ಮಗುವೂ ರಚ್ಚೆ ಹಿಡಿಯುತ್ತದೆ, ರಾತ್ರಿ ಊಟವಾದ ಸ್ವಲ್ಪ ಹೊತ್ತಿಗೇ ಉಜ್ಜಿಬಿಡಿ. ಆಮೇಲೆ ನೀರು ಬಿಟ್ಟು ಬೇರೇನೂ ಬೇಡ. ಮಗುವಿನ ಕೈಗೂ ಒಂದು ಬ್ರಷ್ ಕೊಡಿ. ನಿಮ್ಮ ಹಲ್ಲನ್ನು ಅದು ಉಜ್ಜಲಿ, ಅದರ ಹಲ್ಲನ್ನು ನೀವು. ಹಲ್ಲುಗಳನ್ನು ಎಣಿಸುತ್ತಾ ಉಜ್ಜಿ. ಮೊದಲ ವಾರ ಅರ್ಧ ನಿಮಿಷವೇ ಆಗಲಿ, ಪರವಾಗಿಲ್ಲ. ಹೊಡೆದು, ಒತ್ತಿ ಹಿಡಿದು ಮಾಡಿದರೆ ಅವತ್ತಿನ ಕೆಲಸ ಆಗಬಹುದು, ಮರುದಿನ ಮಗು ಬ್ರಷ್ ಕಂಡರೇ ಓಡುತ್ತದೆ.

ಹಂತ 4: ಎಷ್ಟು ಸಿಹಿ ಅನ್ನುವುದಕ್ಕಿಂತ ಎಷ್ಟು ಸಲ

ಒಂದು ಬಿಸ್ಕೆಟ್ ಪೊಟ್ಟಣವನ್ನು ಒಂದೇ ಸಲಕ್ಕೆ ತಿಂದರೆ ಹಲ್ಲಿಗೆ ಒಂದು ಸಲ ಆಮ್ಲದ ಹೊಡೆತ. ಅದೇ ಪೊಟ್ಟಣವನ್ನು ಅರ್ಧ ಗಂಟೆಗೊಂದು ಬಿಸ್ಕೆಟ್‌ನಂತೆ ಮಧ್ಯಾಹ್ನವಿಡೀ ತಿಂದರೆ, ಅಷ್ಟೂ ಹೊತ್ತು ಹಲ್ಲು ಆಮ್ಲದಲ್ಲೇ ನೆನೆಯುತ್ತದೆ. ಎಂಜಲಿಗೆ ರಿಪೇರಿ ಮಾಡಲು ಬಿಡುವೇ ಸಿಗುವುದಿಲ್ಲ. ಹಾಗಾಗಿ ಸಿಹಿ ಕೊಡುವುದಿದ್ದರೆ ಊಟದ ಜೊತೆಗೇ ಕೊಟ್ಟು ಮುಗಿಸಿ. ಊಟಗಳ ನಡುವೆ ಬಾಯಾರಿದರೆ ನೀರು.

ಸಕ್ಕರೆ ಬದಲು ಬೆಲ್ಲ, ಜೇನುತುಪ್ಪ, ಹಣ್ಣಿನ ರಸ ಕೊಟ್ಟರೆ ಹಲ್ಲಿಗೆ ಒಳ್ಳೆಯದು ಅನ್ನುವುದು ತಪ್ಪು. ಬ್ಯಾಕ್ಟೀರಿಯಾಕ್ಕೆ ಎಲ್ಲವೂ ಒಂದೇ. ಇಡೀ ಹಣ್ಣು ಕೊಡಿ, ರಸ ಬೇಡ. ಒಂದು ವರ್ಷದೊಳಗಿನ ಮಗುವಿಗಂತೂ ಜೇನು ನಾಲಿಗೆಗೆ ಮುಟ್ಟಿಸಲೂಬಾರದು. ಅದಕ್ಕೆ ಕಾರಣ ಹಲ್ಲಲ್ಲ, ಅದರಿಂದ ಬೊಟುಲಿಸಂ ಅನ್ನುವ ಗಂಭೀರ ಕಾಯಿಲೆ ಬರಬಹುದು. ಚಿಪ್ಸ್, ಬಿಸ್ಕೆಟ್ ಸಿಹಿ ಇಲ್ಲದಿದ್ದರೂ ಹಲ್ಲಿನ ಕುಳಿಗಳಲ್ಲಿ ಮೆತ್ತಿಕೊಂಡು ಉಳಿಯುತ್ತವೆ. ಮಕ್ಕಳ ಸಿರಪ್ ಔಷಧಿಗಳಲ್ಲೂ ಸಕ್ಕರೆ ಇರುತ್ತದೆ. ರಾತ್ರಿ ಡೋಸ್ ಕೊಟ್ಟ ಮೇಲೆ ಉಜ್ಜಿ, ಮೊದಲಲ್ಲ.

ಈಗ ಬಾಟಲಿ ವಿಷಯ. ಬಾಯಲ್ಲಿ ಹಾಲಿನ ಬಾಟಲಿ ಇಟ್ಟುಕೊಂಡೇ ಮಲಗುವ ಮಕ್ಕಳ ಮೇಲಿನ ಮುಂದಿನ ನಾಲ್ಕು ಹಲ್ಲುಗಳು ಮೊದಲು ಹಾಳಾಗುತ್ತವೆ. ಕೆಳಗಿನವು ಚೆನ್ನಾಗೇ ಇರುತ್ತವೆ, ಯಾಕಂದ್ರೆ ಚೀಪುವಾಗ ನಾಲಿಗೆ ಅವುಗಳನ್ನು ಮುಚ್ಚಿಕೊಂಡಿರುತ್ತದೆ. ಒಂದು ವರ್ಷ ತುಂಬುತ್ತಿದ್ದ ಹಾಗೆ ಲೋಟದಲ್ಲಿ ಕುಡಿಸಲು ಶುರು ಮಾಡಿ, ಒಂದೂವರೆ ವರ್ಷದೊಳಗೆ ಬಾಟಲಿ ಬಿಡಿಸಿ. ಒಮ್ಮೆಲೇ ಕಿತ್ತುಕೊಂಡರೆ ಮನೆಯಲ್ಲಿ ಯಾರಿಗೂ ನಿದ್ದೆ ಇಲ್ಲ. ವರ್ಷ ದಾಟಿದ ಮಗುವಾದರೆ ಮಲಗುವ ಹೊತ್ತಿನ ಬಾಟಲಿಯಲ್ಲಿ ದಿನ ದಿನ ಹಾಲು ಕಡಿಮೆ ಮಾಡಿ ನೀರು ಹೆಚ್ಚಿಸುತ್ತಾ ಬನ್ನಿ. ಹತ್ತು ಹದಿನೈದು ದಿನದಲ್ಲಿ ಅದು ಬರೀ ನೀರಾಗುತ್ತದೆ, ಮಗುವಿಗೂ ಆಸಕ್ತಿ ಹೋಗುತ್ತದೆ. ಎದೆಹಾಲು ನಿಲ್ಲಿಸಿ ಅಂತ ನಾನು ಹೇಳುತ್ತಿಲ್ಲ, ಖಂಡಿತ ಇಲ್ಲ. ಹಲ್ಲು ಬಂದ ಮೇಲೆ ರಾತ್ರಿ ಮಲಗುವ ಮುಂಚೆ ಉಜ್ಜುವುದನ್ನು ಮಾತ್ರ ಬಿಡಬೇಡಿ.

ಮಗುವಿನ ಚಮಚವನ್ನು ನಿಮ್ಮ ಬಾಯಿಗೆ ಹಾಕಿ ರುಚಿ ನೋಡಿ ಮತ್ತೆ ಮಗುವಿಗೆ ಕೊಡುವುದು ಬೇಡ. ಹುಳುಕಿನ ಬ್ಯಾಕ್ಟೀರಿಯಾ ಎಂಜಲಿನಿಂದಲೇ ಮಗುವಿಗೆ ದಾಟುತ್ತದೆ. ನಿಮ್ಮ ಹುಳುಕು ಹಲ್ಲನ್ನು ಸರಿ ಮಾಡಿಸಿಕೊಳ್ಳುವುದೂ ಮಗುವಿನ ಆರೈಕೆಯ ಒಂದು ಭಾಗ.

ಹಂತ 5: ತಿಂಗಳಿಗೊಮ್ಮೆ ತುಟಿ ಎತ್ತಿ ನೋಡಿ

ಬೆಳಕಿನ ಕಡೆ ಮುಖ ಮಾಡಿಸಿ, ಮೇಲಿನ ತುಟಿಯನ್ನು ಹೆಬ್ಬೆರಳಿನಿಂದ ಎತ್ತಿ. ಹಲ್ಲನ್ನು ಹತ್ತಿ ಬಟ್ಟೆಯಿಂದ ಒರೆಸಿ ಒಣಗಿಸಿ. ಹಲ್ಲು ಒದ್ದೆ ಇದ್ದಾಗ ಕಾಣದ ಮಚ್ಚೆ ಒಣಗಿದಾಗ ಕಾಣುತ್ತದೆ. ವಸಡಿಗೆ ತಾಗಿದಂತೆ, ಸೀಮೆಸುಣ್ಣ ಎಳೆದ ಹಾಗೆ ಹೊಳಪಿಲ್ಲದ ಬಿಳಿ ಗೆರೆ ಇದೆಯಾ? ಹುಳುಕಿನ ಮೊದಲ ಗುರುತು ಅದೇ. ಕಪ್ಪಾಗುವವರೆಗೆ ಕಾಯಬೇಡಿ. ಈ ಬಿಳಿ ಹಂತದಲ್ಲಿ ಡ್ರಿಲ್ ಮಾಡದೆ, ಫ್ಲೋರೈಡ್ ಮತ್ತು ಒಳ್ಳೆಯ ಉಜ್ಜುವಿಕೆಯಿಂದಲೇ ಅದನ್ನು ಅಲ್ಲಿಗೇ ನಿಲ್ಲಿಸಬಹುದು. ಕಂದು ಬಣ್ಣದ ಕುಳಿ ಬಿದ್ದ ಮೇಲೆ ಅದು ತಾನಾಗಿ ಮುಚ್ಚಿಕೊಳ್ಳುವುದಿಲ್ಲ.

ಹಾಗಂತ ಕಪ್ಪು ಕಂಡದ್ದೆಲ್ಲ ಹುಳುಕಲ್ಲ. ಕಬ್ಬಿಣಾಂಶದ ಡ್ರಾಪ್ಸ್ ಕುಡಿಯುವ ಮಕ್ಕಳ ಹಲ್ಲಿನ ಮೇಲೆ ಕಪ್ಪು ಕಲೆ ಕೂರುತ್ತದೆ. ಅದು ಮೇಲ್ಮೈ ಕಲೆ, ಡಾಕ್ಟರ್ ಕ್ಲೀನ್ ಮಾಡಿದರೆ ಹೋಗುತ್ತದೆ. ಮನೆಯಲ್ಲಿ ಕೆರೆದು ತೆಗೆಯಲು ಹೋಗಬೇಡಿ. ವಸಡಿನ ಮೇಲೆ ಮೊಡವೆಯಂಥ ಗುಳ್ಳೆ ಕಂಡರೆ ಅದು ಬೇರಿನಲ್ಲಿ ಕೀವಾಗಿರುವ ಲಕ್ಷಣ. ನೋವಿಲ್ಲದಿದ್ದರೂ ಬೇಗ ತೋರಿಸಿ.

ಹಂತ 6: ದಂತವೈದ್ಯರ ಹತ್ತಿರ, ನೋವು ಬರುವ ಮೊದಲೇ

ಮೊದಲ ಹಲ್ಲು ಬಂದ ಆರು ತಿಂಗಳೊಳಗೆ, ಹೆಚ್ಚೆಂದರೆ ಮೊದಲ ಹುಟ್ಟುಹಬ್ಬದ ಹೊತ್ತಿಗೆ ಒಮ್ಮೆ ಹೋಗಿ ಬನ್ನಿ. ಮಕ್ಕಳ ಹಲ್ಲನ್ನೇ ನೋಡುವ ತಜ್ಞರಿದ್ದಾರೆ, ಅವರಿಗೆ ಪೀಡೋಡಾಂಟಿಸ್ಟ್ ಅನ್ನುತ್ತಾರೆ. ಹತ್ತಿರದಲ್ಲಿ ಇಲ್ಲದಿದ್ದರೆ ಸಾಮಾನ್ಯ ದಂತವೈದ್ಯರೂ ಸರಿ. ನೋವಿಲ್ಲದಾಗ ಹೋದ ಮಗುವಿಗೆ ಆ ಕುರ್ಚಿ ಆಟದ ಸಾಮಾನಿನ ಹಾಗೆ ಕಾಣುತ್ತದೆ. ಮೊದಲ ಭೇಟಿಯೇ ನೋವಿನಲ್ಲಿ ಆದರೆ ಭಯ ವರ್ಷಗಟ್ಟಲೆ ಉಳಿಯುತ್ತದೆ.

ಹೋಗುವ ಮೊದಲು "ನೋವಾಗಲ್ಲ, ಸೂಜಿ ಚುಚ್ಚಲ್ಲ" ಅನ್ನಬೇಡಿ. ಮಗು ಅದುವರೆಗೆ ಸೂಜಿಯ ಬಗ್ಗೆ ಯೋಚಿಸಿಯೇ ಇರುವುದಿಲ್ಲ. "ಡಾಕ್ಟರ್ ನಿನ್ನ ಹಲ್ಲು ಎಣಿಸ್ತಾರೆ" ಅಂದರೆ ಸಾಕು. ಮನೆಯಲ್ಲಿ ಹಟ ಮಾಡಿದಾಗ ಡಾಕ್ಟರ್ ಹೆಸರು ಹೇಳಿ ಹೆದರಿಸುವುದನ್ನು ದಯವಿಟ್ಟು ನಿಲ್ಲಿಸಿ. ಹೊಟ್ಟೆ ತುಂಬಿರುವ, ನಿದ್ದೆ ಆಗಿರುವ ಬೆಳಗಿನ ಹೊತ್ತು ಒಳ್ಳೆಯದು.

ಅಲ್ಲಿ ಕೇಳಿಬರುವ ಕೆಲವು ಪದಗಳ ಅರ್ಥ ತಿಳಿದಿರಲಿ. ಫ್ಲೋರೈಡ್ ವಾರ್ನಿಷ್ ಅಂದರೆ ಹಲ್ಲಿನ ಮೇಲೆ ಬಳಿಯುವ ಅಂಟಿನಂಥ ಫ್ಲೋರೈಡ್ ಲೇಪ. ಮಗುವಿಗಿರುವ ಅಪಾಯ ನೋಡಿಕೊಂಡು 3ರಿಂದ 6 ತಿಂಗಳಿಗೊಮ್ಮೆ ಹಚ್ಚುತ್ತಾರೆ, ಒಂದೆರಡು ನಿಮಿಷದ ಕೆಲಸ. ಪಲ್ಪಾಟಮಿ ಅಂದರೆ ಹುಳುಕು ನರ ತಲುಪಿದಾಗ ನರದ ಮೇಲಿನ ಭಾಗವನ್ನಷ್ಟೇ ತೆಗೆದು ಔಷಧಿ ತುಂಬುವುದು. ಅದರ ಮೇಲೆ ಸಾಮಾನ್ಯವಾಗಿ ಸ್ಟೀಲ್ ಕ್ಯಾಪ್ ಹಾಕುತ್ತಾರೆ. ಸ್ಪೇಸ್ ಮೇಂಟೇನರ್ ಅಂದರೆ ಹಾಲುಹಲ್ಲು ಬೇಗ ಹೋದಾಗ ಆ ಜಾಗ ಮುಚ್ಚಿಹೋಗದಂತೆ ತಡೆಯುವ ಚಿಕ್ಕ ತಂತಿ. ಎಸ್‌ಡಿಎಫ್ ಅನ್ನುವ ಬೆಳ್ಳಿ ಸೇರಿದ ದ್ರವವನ್ನು ಹುಳುಕಿನ ಮೇಲೆ ಹಚ್ಚಿದರೆ ಅದು ಮುಂದುವರಿಯುವುದು ನಿಲ್ಲುತ್ತದೆ, ಆದರೆ ಹುಳುಕಿನ ಜಾಗ ಕಪ್ಪಾಗುತ್ತದೆ. ಇದನ್ನು ಮೊದಲೇ ಕೇಳಿ ತಿಳಿದುಕೊಳ್ಳಿ.

ಬೆರಳು ಚೀಪುವ ಅಭ್ಯಾಸ ಹೆಚ್ಚಿನ ಮಕ್ಕಳಲ್ಲಿ ತಾನಾಗಿ ಬಿಟ್ಟುಹೋಗುತ್ತದೆ. ನಾಲ್ಕು ವರ್ಷ ದಾಟಿದರೂ ಮುಂದುವರಿದರೆ ಹಲ್ಲು ಮುಂದಕ್ಕೆ ಬರಬಹುದು, ಆಗ ಕೇಳಿ.

ಹಂತ 7: ಆರನೇ ವರ್ಷ, ಸದ್ದಿಲ್ಲದೆ ಬರುವ ಹಲ್ಲು

ಆರು ವರ್ಷದ ಆಸುಪಾಸಿನಲ್ಲಿ ಎಲ್ಲರ ಕಣ್ಣೂ ಅಲ್ಲಾಡುವ ಮುಂದಿನ ಹಲ್ಲಿನ ಮೇಲಿರುತ್ತದೆ. ಅದೇ ಹೊತ್ತಿಗೆ ಬಾಯಿಯ ತುದಿಯಲ್ಲಿ, ಕೊನೆಯ ಹಾಲುಹಲ್ಲಿನ ಹಿಂದೆ, ಮೊದಲ ಶಾಶ್ವತ ದವಡೆ ಹಲ್ಲು ಮೂಡುತ್ತದೆ. ಇದಕ್ಕಾಗಿ ಯಾವ ಹಲ್ಲೂ ಬೀಳುವುದಿಲ್ಲ. ಹಾಗಾಗಿ ಬಂದದ್ದು ಯಾರಿಗೂ ಗೊತ್ತಾಗುವುದಿಲ್ಲ. ಕಂಡರೂ ಹಾಲುಹಲ್ಲು ಅಂದುಕೊಳ್ಳುತ್ತಾರೆ. ಇಡೀ ಜೀವಮಾನ ಅಗಿಯಬೇಕಾದ ಹಲ್ಲು ಹೀಗೆ ಒಂದೆರಡು ವರ್ಷದಲ್ಲೇ ಹುಳುಕಾಗುತ್ತದೆ. ನನಗೆ ಬಹಳ ಸಂಕಟವಾಗುವ ವಿಷಯ ಇದು, ಯಾಕಂದ್ರೆ ಇದನ್ನು ತಡೆಯುವುದು ಕಷ್ಟವೇ ಅಲ್ಲ.

ಈ ವಯಸ್ಸಿನಲ್ಲಿ ನನ್ನ ಮಗಳು ನಾಲ್ಕೈದು ದಿನ ಬಲಗಡೆ ಮಾತ್ರ ಅಗಿಯುತ್ತಿದ್ದಳು. ಟಾರ್ಚ್ ಹಾಕಿ ನೋಡಿದೆ. ಎಡಗಡೆ ಕೊನೆಯಲ್ಲಿ ವಸಡನ್ನು ಸೀಳಿಕೊಂಡು ಎರಡು ಬಿಳಿ ಮೊನೆ, ಉಳಿದರ್ಧದ ಮೇಲೆ ಇನ್ನೂ ವಸಡಿನ ಪದರ, ಆ ಪದರದ ಕೆಳಗೆ ಸಿಕ್ಕಿಕೊಂಡ ಅಗಳು. ಹಲ್ಲು ಪೂರ್ತಿ ಮೇಲೆ ಬರುವ ತನಕ, ಅಂದರೆ ಎಷ್ಟೋ ತಿಂಗಳು, ಅದು ಹೀಗೆಯೇ ಪಕ್ಕದ ಹಲ್ಲಿಗಿಂತ ತಗ್ಗಿನಲ್ಲಿರುತ್ತದೆ. ಮಾಮೂಲಿನಂತೆ ಉಜ್ಜಿದರೆ ಬ್ರಷ್ ಅದರ ಮೇಲಿನಿಂದ ಹಾರಿಹೋಗುತ್ತದೆ, ತಾಗುವುದೇ ಇಲ್ಲ.

ಅದಕ್ಕೆ ಹೀಗೆ ಮಾಡಿ. ಮೊದಲು ಎಣಿಸಿ. ಮುಂದಿನ ಎರಡು ಹಲ್ಲುಗಳ ನಡುವಿನಿಂದ ಶುರು ಮಾಡಿ ಒಂದು ಕಡೆ ಹಿಂದಕ್ಕೆ ಎಣಿಸುತ್ತಾ ಹೋಗಿ. ಹಾಲುಹಲ್ಲು ಒಂದೊಂದು ಕಡೆ ಐದೇ. ಆರನೆಯದು ಸಿಕ್ಕಿತು ಅಂದರೆ ಅದು ಶಾಶ್ವತ ಹಲ್ಲು. ಆಮೇಲೆ ಬ್ರಷ್ಷನ್ನು ಕೆನ್ನೆಯ ಕಡೆಯಿಂದ ಅಡ್ಡಡ್ಡ ತಂದು, ಆ ಒಂದು ಹಲ್ಲಿನ ಮೇಲೆ ಮಾತ್ರ ಇಟ್ಟು ಉಜ್ಜಿ. ಅಗಿಯುವ ಭಾಗ ಪೂರ್ತಿ ಹೊರಬಂದ ಮೇಲೆ ದಂತವೈದ್ಯರ ಹತ್ತಿರ ಸೀಲಂಟ್ ಬಗ್ಗೆ ಕೇಳಿ. ಸೀಲಂಟ್ ಅಂದರೆ ದವಡೆ ಹಲ್ಲಿನ ಮೇಲಿನ ಆಳ ಗೀರುಗಳಲ್ಲಿ ತುಂಬಿ ಗಟ್ಟಿ ಮಾಡುವ ತೆಳು ಪದರ. ಬ್ರಷ್ಷಿನ ಎಳೆಯೂ ಇಳಿಯದಷ್ಟು ಕಿರಿದಾದ ಗೀರುಗಳವು. ಡ್ರಿಲ್ ಇಲ್ಲ, ಸೂಜಿ ಇಲ್ಲ. ಸುಮಾರು 12ನೇ ವರ್ಷಕ್ಕೆ ಏಳನೇ ಹಲ್ಲು ಬಂದಾಗಲೂ ಇದೇ ಎಣಿಕೆ, ಇದೇ ಸೀಲಂಟ್.

ಈ ವಯಸ್ಸಿನಲ್ಲಿ ಸುಮ್ನೆ ಗಾಬರಿಯಾಗುವ ವಿಷಯಗಳೂ ಇವೆ. ಹಾಲುಹಲ್ಲು ಬೀಳುವ ಮೊದಲೇ ಅದರ ಹಿಂದೆ ಇನ್ನೊಂದು ಹಲ್ಲು ಬಂದರೆ, ಹಾಲುಹಲ್ಲು ಅಲ್ಲಾಡುತ್ತಿದೆಯಾ ನೋಡಿ. ಅಲ್ಲಾಡುತ್ತಿದ್ದರೆ ಅದು ಬಿದ್ದ ಮೇಲೆ ನಾಲಿಗೆಯೇ ಹೊಸ ಹಲ್ಲನ್ನು ಮುಂದಕ್ಕೆ ತಳ್ಳುತ್ತದೆ. ಅಲ್ಲಾಡದಿದ್ದರೆ ತೋರಿಸಿ. ಹೊಸ ಹಲ್ಲು ಹಳದಿ ಕಾಣುವುದು ಸಹಜ, ಹಾಲುಹಲ್ಲು ಅದಕ್ಕಿಂತ ಬೆಳ್ಳಗೆ ಇರುತ್ತದೆ. ಮೇಲಿನ ಮುಂದಿನ ಹಲ್ಲುಗಳ ನಡುವಿನ ಸಂದು ಕೋರೆಹಲ್ಲು ಬರುವ ಹೊತ್ತಿಗೆ, ಹನ್ನೊಂದು ಹನ್ನೆರಡು ವರ್ಷಕ್ಕೆ, ಎಷ್ಟೋ ಮಕ್ಕಳಲ್ಲಿ ತಾನಾಗಿ ಮುಚ್ಚಿಕೊಳ್ಳುತ್ತದೆ.

ಹಂತ 8: ಬಿದ್ದು ಹಲ್ಲಿಗೆ ಏಟಾದರೆ

ತಲೆಗೆ ಏಟಾಗಿ ಎಚ್ಚರ ತಪ್ಪಿದರೆ, ವಾಂತಿ ಮಾಡಿದರೆ ಮೊದಲು ಆಸ್ಪತ್ರೆ, ಆಮೇಲೆ ಹಲ್ಲು.

ಶಾಶ್ವತ ಹಲ್ಲು ಬೇರು ಸಮೇತ ಕಿತ್ತು ಬಂದಿದ್ದರೆ ಅದನ್ನು ಮತ್ತೆ ಕೂರಿಸಬಹುದು, ಆದರೆ ಸಮಯ ಬಹಳ ಕಡಿಮೆ. ಹಲ್ಲನ್ನು ಹುಡುಕಿ, ಬಿಳಿ ಭಾಗವನ್ನಷ್ಟೇ ಹಿಡಿದುಕೊಳ್ಳಿ. ಬೇರನ್ನು ಮುಟ್ಟಬೇಡಿ, ಉಜ್ಜಬೇಡಿ, ಬಟ್ಟೆಯಲ್ಲಿ ಒರೆಸಬೇಡಿ. ಬೇರಿನ ಮೇಲಿರುವ ಜೀವಕೋಶಗಳು ಉಳಿದರೆ ಮಾತ್ರ ಹಲ್ಲು ಮತ್ತೆ ಅಂಟಿಕೊಳ್ಳುತ್ತದೆ. ಮಣ್ಣಾಗಿದ್ದರೆ ಹಾಲಿನಲ್ಲಿ ಅಥವಾ ತಣ್ಣೀರಿನಲ್ಲಿ ಕೆಲವೇ ಸೆಕೆಂಡು ಅದ್ದಿ ತೆಗೆಯಿರಿ. ಧೈರ್ಯ ಇದ್ದರೆ ಅದೇ ಜಾಗಕ್ಕೆ ಸರಿಯಾದ ಬದಿ ನೋಡಿ ಮೆಲ್ಲಗೆ ಒತ್ತಿ ಕೂರಿಸಿ, ಮಗು ಬಟ್ಟೆ ಕಚ್ಚಿಕೊಳ್ಳಲಿ. ಆಗದಿದ್ದರೆ ಒಂದು ಲೋಟ ತಣ್ಣನೆ ಹಾಲಿನಲ್ಲಿ ಹಾಕಿಕೊಂಡು ಹೊರಡಿ. ನೀರಿನಲ್ಲಿ ಇಡಬೇಡಿ, ಕಾಗದದಲ್ಲಿ ಸುತ್ತಬೇಡಿ. ಅರ್ಧ ಗಂಟೆಯೊಳಗೆ ದಂತವೈದ್ಯರ ಹತ್ತಿರ ಇದ್ದರೆ ಬಹಳ ಒಳ್ಳೆಯದು.

ಕಿತ್ತು ಬಂದದ್ದು ಹಾಲುಹಲ್ಲಾದರೆ ವಾಪಸ್ ಕೂರಿಸಬಾರದು. ಕೆಳಗಿರುವ ಹೊಸ ಹಲ್ಲಿಗೆ ಏಟಾಗುತ್ತದೆ. ಆದರೂ ಡಾಕ್ಟರಿಗೆ ತೋರಿಸಿ. ಹಲ್ಲು ಮುರಿದಿದ್ದರೆ ಚೂರನ್ನು ತೆಗೆದುಕೊಂಡು ಹೋಗಿ, ಎಷ್ಟೋ ಸಲ ಅದನ್ನೇ ಅಂಟಿಸಬಹುದು.

ರಾತ್ರಿ ಹಲ್ಲುನೋವು ಶುರುವಾದರೆ

ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಿ. ಸಂದಿಯಲ್ಲಿ ಏನಾದರೂ ಸಿಕ್ಕಿಕೊಂಡಿದ್ದರೆ ಫ್ಲಾಸ್‌ನಿಂದ ತೆಗೆಯಿರಿ. ಕೆನ್ನೆಯ ಹೊರಗೆ ತಣ್ಣನೆ ಬಟ್ಟೆ ಇಡಿ. ಮಗುವಿನ ತೂಕಕ್ಕೆ ಮಕ್ಕಳ ಡಾಕ್ಟರ್ ಹೇಳಿರುವ ಅಳತೆಯಲ್ಲಿ ಪ್ಯಾರಾಸಿಟಮಾಲ್ ಕೊಡಬಹುದು. ಆಸ್ಪಿರಿನ್ ಮಕ್ಕಳಿಗೆ ಬೇಡವೇ ಬೇಡ. ಯಾವ ಮಾತ್ರೆಯನ್ನೂ ನೋವಿರುವ ವಸಡಿನ ಮೇಲೆ ಇಡಬೇಡಿ, ವಸಡು ಸುಟ್ಟುಹೋಗುತ್ತದೆ. ಮನೆಯಲ್ಲಿ ಉಳಿದಿರುವ ಹಳೆಯ ಆಂಟಿಬಯೋಟಿಕ್ ಕೊಡಬೇಡಿ.

ಕೆನ್ನೆ ಊದಿಕೊಂಡು ಜ್ವರ ಬಂದರೆ, ಊತ ಕಣ್ಣಿನ ಕಡೆಗೋ ದವಡೆಯ ಕೆಳಗೋ ಹರಡುತ್ತಿದ್ದರೆ, ನುಂಗಲು ಅಥವಾ ಉಸಿರಾಡಲು ಕಷ್ಟವಾಗುತ್ತಿದ್ದರೆ ಬೆಳಗಾಗುವವರೆಗೆ ಕಾಯಬೇಡಿ. ಆಗಲೇ ಆಸ್ಪತ್ರೆಗೆ ಹೊರಡಿ.

ಎರಡು ದಿನ ಕಾಡಿದ ನೋವು ಮೂರನೇ ದಿನ ತಾನಾಗಿ ನಿಂತುಹೋದರೆ ಅದು ವಾಸಿಯಾಯಿತು ಅಂತ ಅಲ್ಲ. ಹೆಚ್ಚಾಗಿ ಒಳಗಿನ ನರ ಸತ್ತಿರುತ್ತದೆ, ಸೋಂಕು ಸದ್ದಿಲ್ಲದೆ ಕೆಳಗೆ ಇಳಿಯುತ್ತಿರುತ್ತದೆ. ಮಗು ನಗುತ್ತಾ ಆಡುತ್ತಿದೆ ಅಂತ ಡಾಕ್ಟರ್ ಭೇಟಿಯನ್ನು ಮುಂದಕ್ಕೆ ಹಾಕಬೇಡಿ, ಗೊತ್ತು ಮಾಡಿದ ದಿನವೇ ಕರೆದುಕೊಂಡು ಹೋಗಿ.